ಕಾದಂಬರಿಯಲ್ಲಿಲ್ಲದ ಆಕಳು

ಹುನಗುಂದದ ಅಕ್ಕನ ಬಳಗದ ಪುಸ್ತಕದ ಕಪಾಟಿಗೆ ಕೀಲಿ ಒಂದೇ. ಅದು ಶಿವಬಸವ್ವ ಅಕ್ಕೋರ ಸೆರಗಿನ ಗಂಟಿನಲ್ಲಿರುತ್ತದೆ. ಕಪಾಟು ತೆರೆಸುವುದು ಸುಲಭ, ಪುಸ್ತಕ ಒಯ್ಯುವುದು ಕಷ್ಟ. ಹಿಂದೆ ಒಯ್ದ ಪುಸ್ತಕದ ಮೇಲೆ ಒಂದು ಪುಟ ಅಭಿಪ್ರಾಯ ಬರೆದು ತರದಿದ್ದರೆ ಮುಂದಿನದು ಸಿಗುವುದಿಲ್ಲ. ‘ಚೆನ್ನಾಗಿದೆ’ ಎಂದು ಒಂದೇ ಶಬ್ದ ಬರೆದು ತಂದ ವಕೀಲರ ಹೆಂಡತಿಯನ್ನು ಅಕ್ಕೋರು ಮೆಟ್ಟಿಲ ಮೇಲಿಂದಲೇ ತಿರುಗಿ ಕಳಿಸಿದ್ದರು. ಮೂವತ್ತನಾಲ್ಕು ವರ್ಷ ಕನ್ನಡ ಸಾಲೆಯಲ್ಲಿ ಕಿವಿ ಹಿಂಡಿ ಒತ್ತಕ್ಷರ ಕಲಿಸಿದ ಕೈ ಅದು. ಅಕ್ಕೋರು ನಿವೃತ್ತರಾಗಿ ಆರು ವರ್ಷವಾದರೂ ಅವರ ಕೆಂಪು ಪೆನ್ನು ಇನ್ನೂ ನೌಕರಿಯಲ್ಲೇ ಇತ್ತು.

ಯಾರು ಏನು ಬರೆದು ತಂದರೂ ಅವರು ಮೊದಲು ನೋಡುವುದು ಅಲ್ಪಪ್ರಾಣ, ಮಹಾಪ್ರಾಣ. ಆಮೇಲೆ ಅಕ್ಷರ ದುಂಡಗಿದೆಯೋ ಇಲ್ಲವೋ. ತಪ್ಪಿಗೆ ಸುತ್ತು ಹಾಕಿ, ತಪ್ಪಿಲ್ಲದಿದ್ದರೆ ‘ಭೇಷ್’ ಎಂದು ಬರೆದು, ಸಹಿ ಮಾಡಿ, ದಾರಕ್ಕೆ ಪೋಣಿಸಿಬಿಟ್ಟರೆ ಕೆಲಸ ಮುಗಿಯಿತು. ಕಪಾಟಿನಲ್ಲಿರುವ ನಾನೂರು ಚಿಲ್ಲರೆ ಪುಸ್ತಕಗಳನ್ನೂ ಓದಿದ್ದೇನೆ ಎಂದು ಅಕ್ಕೋರು ಹೇಳುತ್ತಿದ್ದರು. ಇಲ್ಲ ಅನ್ನುವ ಗಂಡೆದೆ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಆ ಐತವಾರ ಹನ್ನೊಂದರ ಸುಮಾರಿಗೆ ಪ್ರಭುಲಿಂಗ ಬಂದ. ಬಸ್ ನಿಲ್ದಾಣದ ಹತ್ತಿರ ಅವನದು ಬೀಜ ಗೊಬ್ಬರದ ಅಂಗಡಿ. ನಾಲ್ಕನೇ ಇಯತ್ತೆಯಲ್ಲಿ ಅಕ್ಕೋರ ಕೈಕೆಳಗೆ ಕಲಿತವನು, ಈಗಲೂ ಚಪ್ಪಲಿ ಹೊರಗೆ ಬಿಟ್ಟು ಶರಣು ಮಾಡಿಯೇ ಒಳಗೆ ಬರುವವನು. ಅವನ ಹೆಂಡತಿ ಮಹಾದೇವಿ ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ. ಆಕೆಯ ತಲೆ ಸರಿ ಇಲ್ಲ ಎಂದು ಊರಿಗೇ ಗೊತ್ತಿತ್ತು. ಊರಿಗೆ ಗೊತ್ತು ಮಾಡಿದವನು ಪ್ರಭುಲಿಂಗನೇ. ಆದರೆ ಹುಚ್ಚು ಹೆಂಡತಿಗಾಗಿ ತಿಂಗಳಿಗೊಮ್ಮೆ ತಾನೇ ಬಂದು ಪುಸ್ತಕ ಒಯ್ಯುವ ಗಂಡ ಎಷ್ಟು ಮಂದಿಗೆ ಸಿಕ್ಕಾನು? ನನ್ನ ಸಾಲೆಯ ಹುಡುಗ ಎಂದು ಅಕ್ಕೋರು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು.

“ಪುಸ್ತಕ ಇದ್ರ ಸುಮ್ಕ ಇರ್ತಾಳ್ರಿ ಅಕ್ಕೋರ,” ಎಂದು ಅವನು ಕಾದಂಬರಿಯನ್ನೂ ಮಡಿಚಿದ ಹಾಳೆಯನ್ನೂ ಮೇಜಿನ ಮೇಲಿಟ್ಟ. “ಈ ಸಲ ಅದ್ಯಾವ್ದೋ ಆಕಳದ ಕತಿ ಬರದಾಳ್ರಿ, ಭಾಳ ಚಂದ ಬರದಾಳ.”

“ನೀನೂ ಓದ್ತಿ ಏನ?”

“ಪುಸ್ತಕ ಎಲ್ಲಿ ಓದಾಕಾಕ್ಕೈತ್ರಿ, ಹಾಳಿ ಅಷ್ಟ ನೋಡ್ತೇನಿ. ತಲಿ ಕೆಟ್ಟಾಕಿ, ಏನರ ಹಚ್ಚಿ ಬರದ್ರ ಮನಿ ಮರ್ಯಾದಿ ಹೋಗೂದಿಲ್ಲೇನ್ರಿ?”

ಫೋನು ಬಂತೆಂದು ಅವನು ಬೇವಿನ ಗಿಡದ ಕೆಳಗೆ ಹೋದ. ಅಕ್ಕೋರು ಹಾಳೆ ಬಿಚ್ಚಿದರು. ಈ ಕಾದಂಬರಿಯ ಮೇಲೆ ಅವರಿಗೆ ವಿಶೇಷ ಮಮತೆಯಿತ್ತು. ಎರಡು ತಿಂಗಳ ಹಿಂದೆ ಬಾಗಲಕೋಟೆಯಿಂದ ತರಿಸಿದ ಮನೋವೈಜ್ಞಾನಿಕ ಥ್ರಿಲ್ಲರ್, ಹೆಸರು ‘ಹನ್ನೊಂದನೆಯ ಕಿಟಕಿ’. ಕಪಾಟಿಗೆ ಸೇರಿಸುವ ಮೊದಲು ತಾವೇ ಓದಲು ಕೂತು, ಎರಡು ದಿನ ಒಲೆಯ ಮೇಲಿನ ಅನ್ನ ತಳ ಹತ್ತಿಸಿದ್ದರು. ದೊಡ್ಡ ನಗರವೊಂದರ ಹನ್ನೊಂದನೆಯ ಮಹಡಿಯಲ್ಲಿ ಅಕ್ಕನೊಂದಿಗೆ ಇರುವ ನಂದಿತಾ ಎಂಬ ಹುಡುಗಿಯ ಕತೆ. ಇಟ್ಟ ವಸ್ತು ಇಟ್ಟಲ್ಲಿರುವುದಿಲ್ಲ, ಗಡಿಯಾರದ ಮುಳ್ಳು ತಾನೇ ಹಿಂದೆ ಹೋಗಿರುತ್ತದೆ. ತನಗೇ ಹುಚ್ಚು ಹಿಡಿಯಿತೆಂದು ಆಕೆ ನಂಬುವಷ್ಟರಲ್ಲಿ ಅದೆಲ್ಲ ಅಕ್ಕನ ಕೈವಾಡವೆಂದು ಗೊತ್ತಾಗುತ್ತದೆ. ಒಂದೊಂದು ಅಧ್ಯಾಯವೂ ಅಕ್ಕೋರಿಗೆ ಬಾಯಿಪಾಠವಾಗಿತ್ತು.

ಹಾಳೆಯಲ್ಲಿ ಮಹಾದೇವಿ ದುಂಡು ಅಕ್ಷರದಲ್ಲಿ ಬರೆದಿದ್ದಳು:

‘ಈ ಕಾದಂಬರಿ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಅದರಲ್ಲೂ ಆಕಳಿನ ಪ್ರಸಂಗ. ಕ್ರಾಸಿನಿಂದ ಹೊಡೆದು ತಂದ ಆಕಳು. ಅದಕ್ಕೆ ಹುಚ್ಚು ಹಿಡಿದಿದೆ, ಹಾಯುತ್ತದೆ ಎಂದು ಊರೆಲ್ಲ ಮಾತಾಡುತ್ತದೆ. ಆಕಳು ಯಾರನ್ನೂ ಹಾಯ್ದಿಲ್ಲ. ಅದನ್ನು ಕೇಳಿದವರೂ ಇಲ್ಲ. ಸೋಮವಾರ ಗಾಡಿ ಬರುತ್ತದೆ. ಆ ಗಾಡಿ ಹತ್ತಿದ ದನ ತಿರುಗಿ ಬರುವುದಿಲ್ಲ. ಕ್ರಾಸಿನಲ್ಲಿರುವ ಅದರ ಕೊಟ್ಟಿಗೆಯವರಿಗೆ ಯಾರಾದರೂ ಒಂದು ಮಾತು ಹೇಳಿದ್ದರೆ ಓಡಿ ಬರುತ್ತಿದ್ದರು. ಹೇಳುವವರು ಯಾರು ಎಂಬ ಪ್ರಶ್ನೆಯನ್ನು ಲೇಖಕರು ಓದುಗರಿಗೇ ಬಿಟ್ಟಿದ್ದಾರೆ.’

ಅಕ್ಕೋರಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಹನ್ನೊಂದನೆಯ ಮಹಡಿಗೆ ಆಕಳು ಲಿಫ್ಟಿನಲ್ಲಿ ಬಂತೇನು? ಪುಸ್ತಕದ ರಟ್ಟು ಕೂಡ ತೆಗೆದು ನೋಡಿಲ್ಲ ಈಕೆ. ಕಾಗುಣಿತದಲ್ಲಿ ಒಂದೂ ತಪ್ಪು ಸಿಗದಿದ್ದದ್ದು ಅವರ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಕೆಂಪು ಪೆನ್ನು ತೆಗೆದು ಹಾಳೆಯ ಮೇಲಿಂದ ಕೆಳಗೆ ಒಂದು ಗೀಟು ಎಳೆದರು. ಕೆಳಗೆ ದಪ್ಪಗೆ ಬರೆದರು: ‘ಈ ಕಾದಂಬರಿಯಲ್ಲಿ ಆಕಳೇ ಇಲ್ಲ. ಪುಸ್ತಕ ಓದಿ ಮತ್ತೊಮ್ಮೆ ಬರೆಯಿರಿ.’

ಹಾಳೆಯನ್ನು ಪುಸ್ತಕದಲ್ಲಿಟ್ಟು ಗೊಬ್ಬರದ ಕಂಪನಿಯವರೊಡನೆ ಇನ್ನೂ ಫೋನಿನಲ್ಲಿ ಜಗಳವಾಡುತ್ತಿದ್ದ ಪ್ರಭುಲಿಂಗನ ಕೈಗೆ ಕೊಟ್ಟರು.

“ಹೊಸಾ ಪುಸ್ತಕ ಇಲ್ಲ. ತಿರಿಗಿ ಬರೀ ಅನ್ನು.”

“ಯಾಕ್ರಿ, ಏನಾತು?”

“ಒಳಗ ಬರದೇನಿ. ನೀನ ಓದಕೋ.”

ಅವನು ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು, ಪುಸ್ತಕವನ್ನು ಸ್ಕೂಟರಿನ ಚೀಲಕ್ಕೆ ತುರುಕಿ ಹೊರಟುಹೋದ. ಒಬ್ಬ ಸೋಮಾರಿ ಓದುಗಾರ್ತಿಯನ್ನು ಹಿಡಿದ ಸಮಾಧಾನದಲ್ಲಿ ಅಕ್ಕೋರು ಕಪಾಟಿಗೆ ಕೀಲಿ ಹಾಕಿದರು.

ಮನೆಗೆ ಬಂದಾಗ ಹನ್ನೆರಡೂವರೆ. ಓಣಿ ಓಣಿ ತಿರುಗಿ ಮಜ್ಜಿಗೆ ಮಾರುವ ಸಾವಿತ್ರೆವ್ವ ಆಗಲೇ ಕಟ್ಟೆಯ ಮೇಲೆ ಗಡಿಗೆ ಇಳಿಸಿ ಕೂತಿದ್ದಳು. ಸಿಟ್ಟು ಇನ್ನೂ ಆರದ ಅಕ್ಕೋರು ಪಾತ್ರೆ ಹಿಡಿಯುತ್ತಲೇ ದೂರು ಹೇಳಿದರು. “ಆ ಪ್ರಭುಲಿಂಗನ ಹೇಣ್ತಿ, ಖರೇನ ತಲಿ ಕೆಟ್ಟೈತಿ ನೋಡು. ಪುಸ್ತಕದಾಗ ಇಲ್ಲದ್ದೆಲ್ಲಾ ಬರದಾಳ.”

ಒಂದು ಸೌಟು ಹಾಕಿದ ಸಾವಿತ್ರೆವ್ವ ಸೌಟನ್ನು ಗಡಿಗೆಯಲ್ಲೇ ಬಿಟ್ಟಳು.

“ಪಾಪ ಅನ್ನಸ್ತೈತ್ರಿ ಅಕ್ಕೋರ. ಲಗ್ನದಾಗ ನಾನ ನೋಡೇನಲ್ಲ, ಕುಳಗೇರಿ ಕ್ರಾಸಿನಿಂದ ತಂದಾಗ ಎಲ್ಲಾರೂ ಒಂದ ಮಾತ ಅಂದಿದ್ರು. ಆಕಳಂಥಾ ಹುಡಿಗಿ, ಆಕಳಂಥಾ ಹುಡಿಗಿ ಅಂತ. ಈಗ ನೋಡ್ರಿ, ನಾಳೆ ಕಾರ್ ಮಾಡ್ಕೊಂಡು ದೂರದ ದವಾಖಾನಿಗೆ ಒಯ್ತಾನಂತ. ಅಲ್ಲೇ ಬಿಟ್ಟ ಬರ್ತಾನಂತ. ಅಮೀನಗಡದಾಗ ಬ್ಯಾರೆ ಹೆಣ್ಣ ನೋಡ್ಯಾನ ಅಂತ ಮಂದಿ ಮಾತಾಡ್ತಾರ. ಏಳು ವರ್ಷಾದ್ರೂ ಮಕ್ಕಳಾಗಲಿಲ್ಲಲ್ರಿ.”

ಅಕ್ಕೋರ ಕೈಯಲ್ಲಿದ್ದ ಪಾತ್ರೆ ವಾಲಿ ಮಜ್ಜಿಗೆ ಕಾಲ ಮೇಲೆ ಸುರಿಯಿತು.

ಕ್ರಾಸಿನಿಂದ ತಂದ ಆಕಳು. ಸೋಮವಾರ ಗಾಡಿ. ನಾಳೆ ಸೋಮವಾರ. ಗಂಡ ಪ್ರತಿ ಹಾಳೆಯನ್ನೂ ಓದಿಯೇ ಕಳಿಸುತ್ತಾನೆ, ಪುಸ್ತಕವನ್ನು ಮಾತ್ರ ಮುಟ್ಟುವುದಿಲ್ಲ. ಪುಸ್ತಕದಲ್ಲಿ ಆಕಳಿದೆಯೋ ಇಲ್ಲವೋ ಅವನಿಗೇನು ಗೊತ್ತು? ಗೊತ್ತಾಗುವುದು ಪುಸ್ತಕ ಓದಿದವರಿಗೆ ಮಾತ್ರ. ಮಹಾದೇವಿ ಬರೆದದ್ದು ಅವರಿಗೇ. ಅವರು ಅದರ ಮೇಲೆ ಕೆಂಪು ಗೀಟು ಎಳೆದು, ಈ ಆಕಳು ಸುಳ್ಳು ಎಂದು ಗುರುತು ಹಾಕಿ, ಓದಿಕೋ ಎಂದು ಅವಳ ಗಂಡನ ಕೈಯಲ್ಲೇ ಕೊಟ್ಟಿದ್ದರು.

“ಸಾವಿತ್ರೆವ್ವ,” ಎಂದರು. ಪಾತ್ರೆಯನ್ನು ಕೆಳಗಿಟ್ಟರು. “ಆಕಿ ನಿನ್ನ ಜೋಡಿ ಎಂದರ ಮಾತಾಡ್ಯಾಳೇನ?”

“ಹೆಂಗ ಮಾತಾಡ್ತಾಳ್ರಿ? ಹಿತ್ತಲ ಕಿಡಕ್ಯಾಗಿಂದ ಪಾತ್ರಿ ಹಿಡೀತಾಳ, ಅಂವ ಹಿಂದ ನಿಂತಿರ್ತಾನ. ಹಿತ್ತಲ ಬಾಗಲಕ್ಕ ಹೊರಗಿಂದ ಚಿಲಕ.”

“ಕೀಲಿ?”

“ಕೀಲಿ ಇಲ್ರಿ. ಬರೇ ಚಿಲಕ. ಯಾರ ತಗೀತಾರ?”

ಹೌದು, ಯಾರು ತೆಗೆಯುತ್ತಾರೆ? ವರ್ಷವಿಡೀ ದಿನಾ ಆ ಚಿಲಕದ ಪಕ್ಕದಲ್ಲೇ ನಿಂತು ಮಜ್ಜಿಗೆ ಅಳೆದವಳು ಸಾವಿತ್ರೆವ್ವ. ಆ ಮಾತು ಆಡಿದ ಮೇಲೆ ಅವಳೂ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕೋರು ಆಕಳಿನ ಸಂಗತಿಯನ್ನು ನಾಲ್ಕೇ ಮಾತಿನಲ್ಲಿ ಹೇಳಿದರು, ಅವಳು ಎರಡನೆಯ ಸಲ ಕೇಳಲಿಲ್ಲ.

ಪಕ್ಕದ ಮನೆಯ ಫಾರೂಕ ಟಂಟಂ ಆಟೋ ಹೊಡೆಯುವವನು. ಊಟಕ್ಕೆ ಕೂತಿದ್ದವನನ್ನು ಅಕ್ಕೋರು ಎಬ್ಬಿಸಿದರು. ಮಹಾದೇವಿಯ ಅಣ್ಣ ಸುನೀಲಕುಮಾರನಿಗೆ ಕುಳಗೇರಿ ಕ್ರಾಸಿನಲ್ಲಿ ಟಯರ್ ಅಂಗಡಿ ಇದೆ ಎಂದು ಫಾರೂಕನಿಗೆ ಗೊತ್ತಿತ್ತು, ನಂಬರೂ ಅವನ ಫೋನಿನಲ್ಲಿತ್ತು. ಅಣ್ಣ ಒಂದೇ ಮಾತು ಕೇಳಿದನಂತೆ: “ಖರೆ ಏನ? ಭೆಟ್ಟಿಗೆ ಬಂದಾಗೆಲ್ಲಾ ಆಕಿ ಮಲಗ್ಯಾಳ, ಎಬ್ಬಿಸಿದ್ರ ಹಾಯ್ತಾಳ ಅಂತ ಹೇಳಿ ತಿರಿಗಿ ಕಳಿಸ್ಯಾನ.” ಅಮೀನಗಡದತ್ತ ಹೊರಟೆ ಎಂದು ಹೇಳಿ ಫೋನು ಇಟ್ಟ. ಅಣ್ಣ ಬರುವವರೆಗೆ ಕಾಯಲು ಸಮಯವಿರಲಿಲ್ಲ, ಪ್ರಭುಲಿಂಗ ಆ ಹಾಳೆಯನ್ನು ಯಾವ ಗಳಿಗೆಯಲ್ಲಾದರೂ ಓದಬಹುದಿತ್ತು. ಪೊಲೀಸರಿಗೆ ಹೇಳಿದರೆ ಅವರು ಮೊದಲು ಕೇಳುವುದು ಗಂಡನನ್ನೇ. ಅವನ ಹತ್ತಿರ ಊರಿಗೆಲ್ಲ ತೋರಿಸಿದ ಡಾಕ್ಟರರ ಚೀಟಿ ಇತ್ತು, ಅಕ್ಕೋರ ಹತ್ತಿರ ಇದ್ದದ್ದು ಒಂದು ಆಕಳು.

ಮೂವರೂ ಟಂಟಂನಲ್ಲಿ ಮೊದಲು ಅಂಗಡಿಗೆ ಹೋದರು. ಹೇಗಾದರೂ ಪುಸ್ತಕ ತಿರುಗಿ ಈಸಿಕೊಳ್ಳಬೇಕು. ಅಂಗಡಿಯ ಶಟರ್ ಇಳಿದಿತ್ತು. ಎಂದೂ ಎರಡಕ್ಕೆ ಮುಚ್ಚುವವನು ಅಂದು ಒಂದಕ್ಕೇ ಮನೆಗೆ ಹೋಗಿದ್ದ. ಹಾಳೆ ಓದಿಯೇ ಬೇಗ ಹೋದನೇನೋ ಎಂದುಕೊಂಡು ಅಕ್ಕೋರು ಶಟರಿನ ಮುಂದೆಯೇ ಮೂವರಿಗೂ ಕೆಲಸ ಹಂಚಿದರು. ಸಾವಿತ್ರೆವ್ವ ಹಿಂದಿನ ಓಣಿಯಿಂದ ಹೋಗಬೇಕು, ಚಿಲಕ ಸರಿಸಿ ನಿಲ್ಲಬೇಕು. ಫಾರೂಕ ಓಣಿಯ ಬಾಯಿಯಲ್ಲಿ ಟಂಟಂ ನಿಲ್ಲಿಸಬೇಕು. ಅಕ್ಕೋರು ಮುಂದಿನ ಬಾಗಿಲಿಗೆ ಹೋಗಬೇಕು. ಬಾಗಿಲು ತೆರೆದಿದೆ ಎಂದು ಒಳಗಿರುವವಳಿಗೆ ತಿಳಿಸುವುದು ಹೇಗೆ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಪ್ರಭುಲಿಂಗ ಎಂಜಲ ಕೈಯಲ್ಲೇ ಬಾಗಿಲು ತೆಗೆದ. “ಬರ್ರಿ ಅಕ್ಕೋರ, ಬರ್ರಿ, ಊಟಕ್ಕ ಕೂಡ್ರಿ” ಎಂದ. ಅವರು ಒಳಗೆ ಕಾಲಿಟ್ಟ ಕೂಡಲೇ ಮೇಲಿನ ಅಗಳಿ ಹಾಕಿದ. “ತಗದ ಇಟ್ರ ಓಡಿ ಹೊಕ್ಕಾಳ್ರಿ” ಎಂದು ತಗ್ಗಿದ ದನಿಯಲ್ಲಿ ಹೇಳಿದ. ಪಡಸಾಲೆಯ ಮಂಚದ ಮೇಲೆ ಅಂಗಡಿಯ ಚೀಲ, ಅದರ ಪಕ್ಕದಲ್ಲಿ ಪುಸ್ತಕ. ಹಾಳೆಯ ಅಂಚು ಒಂದು ಬೆರಳಿನಷ್ಟು ಹೊರಗೆ ಕಾಣುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಇನ್ನೂ ಓದಿಲ್ಲ ಎಂದುಕೊಂಡರು ಅಕ್ಕೋರು.

“ಊಟ ಬ್ಯಾಡಪ. ಆ ಪುಸ್ತಕ ಕೊಡು, ಬ್ಯಾರೆಯವರು ಕೇಳ್ಯಾರ.”

“ಹಾಂ, ಅದ ನೆಪ್ಪ ಹಾರಿತ್ ನೋಡ್ರಿ! ಓದಕೋ ಅಂದಿದ್ರಿ.” ಅವನು ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಹಾಳೆ ಎಳೆದ. ಅಕ್ಕೋರು ಬರದಿದ್ದರೆ ಅದು ರಾತ್ರಿಯವರೆಗೂ ಅಲ್ಲೇ ಬಿದ್ದಿರುತ್ತಿತ್ತೇನೋ. ಸಾಲೆಯಲ್ಲಿ ಓದುತ್ತಿದ್ದಂತೆಯೇ ಬೆರಳಿಟ್ಟು ಗಟ್ಟಿಯಾಗಿ ಓದಿದ: “ಈ ಕಾದಂಬರಿಯಲ್ಲಿ ಆಕಳೇ ಇಲ್ಲ.”

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

“ಆಕಳ ಇಲ್ಲ ಅಂದ್ರ? ಮತ್ತ ಈಕಿ ಇದನ್ನೆಲ್ಲಾ ಎಲ್ಲಿಂದ ತಂದು ಬರದ್ಲು?” ಅವನ ಬೆರಳು ಮೇಲಕ್ಕೆ, ಮಹಾದೇವಿ ಬರೆದ ಸಾಲುಗಳಿಗೆ ಹೋಯಿತು. ಈಗ ಮೆಲ್ಲಗೆ ಓದತೊಡಗಿದ. “ಕ್ರಾಸಿನಿಂದ ಹೊಡೆದು ತಂದ...”

“ತಪ್ಪ ನಂದೈತಿ ಪ್ರಭುಲಿಂಗ.” ಅಕ್ಕೋರು ಮಂಚದ ಮೇಲಿನ ಪುಸ್ತಕ ತೆಗೆದು ಎದೆಗೊತ್ತಿಕೊಂಡರು. “ಅದಕ್ಕಂತನ ಓಡಿ ಬಂದೇನಿ. ನಾ ಪುಸ್ತಕ ಪೂರಾ ಓದಿದ್ದಿಲ್ಲ. ನಡುವ ಹಾರ್ಸಿಬಿಟ್ಟಿದ್ದೆ. ಓದಲಾರದನ ಕೆಂಪು ಗೀಟ ಎಳದೇನಿ.”

ಅವನು ಬಾಯಿ ತೆರೆದು ನೋಡಿದ. ಆಮೇಲೆ ನಕ್ಕ. ಗುರುವಿನ ತಪ್ಪು ಸಿಕ್ಕ ಖುಷಿ ಮುಖದ ತುಂಬ ಹರಡಿತು. “ನೀವೂ ಓದಲಾರದ ಸಹಿ ಮಾಡ್ತೀರೇನ್ರಿ ಅಕ್ಕೋರ? ನಮಗ ಎಷ್ಟ ಬಡದೀರಿ!” ನಗು ಮುಗಿಯುವ ಮೊದಲೇ ಕಣ್ಣು ಬೇರೆಯಾಯಿತು. “ಹಂಗಾರ ಆಕಳ ಐತಿ. ಎಲ್ಲೈತಿ? ತೋರಸ್ರಿ.”

ಕೈ ಚಾಚಿದ. ಅಡುಗೆಮನೆಯ ಹೊಸ್ತಿಲಲ್ಲಿ ಮಹಾದೇವಿ ಬಂದು ನಿಂತಿದ್ದಳು. ಲಗ್ನದಲ್ಲಿ ನೋಡಿದ್ದ ಹುಡುಗಿಯ ಅರ್ಧದಷ್ಟೂ ಉಳಿದಿರಲಿಲ್ಲ. ಮೊಣಕೈಯವರೆಗೆ ಜೋಳದ ಹಿಟ್ಟು ಹತ್ತಿತ್ತು. ಆಕೆ ಅಕ್ಕೋರನ್ನು ನೋಡಿದ ನೋಟದಲ್ಲಿ ಹುಚ್ಚು ಎಳ್ಳಷ್ಟೂ ಇರಲಿಲ್ಲ, ಹೆದರಿಕೆ ಇತ್ತು. ಅದರ ಕೆಳಗೆ ಸಿಟ್ಟೂ ಇತ್ತು. ಅದು ತಮ್ಮ ಮೇಲಿನದೇ ಎಂದು ಅಕ್ಕೋರಿಗೆ ಗೊತ್ತಾಯಿತು.

“ತಡಿ, ಹುಡುಕತೇನಿ. ನಿನಗ ಎಲ್ಲಿ ಸಿಗಬೇಕು? ಕೂಡು, ನಾನ ಓದ್ತೇನಿ.”

ಅವರು ಗೋಡೆಗೆ ಬೆನ್ನು ಹಚ್ಚಿ ಕೂತರು, ಹಿಂದಿನಿಂದ ಯಾರೂ ಇಣುಕಬಾರದು. ಪ್ರಭುಲಿಂಗ ಅವರ ಎದುರಿಗೆ, ಅಡುಗೆಮನೆಗೆ ಬೆನ್ನು ಮಾಡಿ ಚಕ್ಕಳಮಕ್ಕಳ ಹಾಕಿದ. ಅಕ್ಕೋರು ಕನ್ನಡಕ ಏರಿಸಿ, ನೂರಾ ಹದಿನೆಂಟನೆಯ ಪುಟ ತೆರೆದರು. ಅಲ್ಲಿ ನಂದಿತಾ ಅಕ್ಕನ ಕೋಣೆಯಲ್ಲಿ ಗಡಿಯಾರ ಹುಡುಕುತ್ತಿದ್ದಳು. ಅಕ್ಕೋರು ಓದತೊಡಗಿದರು:

“ನಂದಿತಾ ಹನ್ನೊಂದನೆಯ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದಳು. ಅವಳಿಗೆ ಅಜ್ಜನ ಊರಿನ ಆಕಳು ನೆನಪಾಯಿತು. ಅದನ್ನು ದೂರದ ಕ್ರಾಸಿನಿಂದ ತಂದಿದ್ದರು. ಊರಿಗೆ ಊರೇ ಅದಕ್ಕೆ ಹುಚ್ಚು ಎಂದಿತು.”

“ಹಾಂ, ಐತಿ ಐತಿ,” ಎಂದ ಪ್ರಭುಲಿಂಗ. ಕೈ ಮಾತ್ರ ಇನ್ನೂ ಚಾಚಿಕೊಂಡೇ ಇತ್ತು.

“ಸುಮ್ಕ ಕೇಳು.” ಪುಟ ಸರಿಯಾದ ಹೊತ್ತಿಗೆ ಮಗುಚಬೇಕೆಂಬುದು ಅವರಿಗೆ ನೆನಪಾಯಿತು. ಅರ್ಧಕ್ಕೇ ಮಗುಚಿದರೆ ಇವನಿಗೆ ಸಂಶಯ ಬರುತ್ತದೆ. “ಆಕಳು ತನ್ನ ಸಂಕಟವನ್ನು ಒಬ್ಬ ಮುದುಕಿಗೆ ಹೇಳಿತು. ಮುದುಕಿಗೆ ಬುದ್ಧಿ ಕಡಿಮೆ. ಮೊದಲು ತಿಳಿಯಲಿಲ್ಲ, ಬೈದು ಕಳಿಸಿದಳು. ತಿಳಿದಾಗ ತಲೆ ಬಡಿದುಕೊಂಡು ಓಡಿ ಬಂದಳು. ಕ್ರಾಸಿಗೆ ಸುದ್ದಿ ಮುಟ್ಟಿಸಿಯೇ ಬಂದಳು. ಅಣ್ಣನಂತಿದ್ದವನು ಆಗಲೇ ದಾರಿಯಲ್ಲಿದ್ದ.”

ಹೊಸ್ತಿಲಲ್ಲಿ ಹಿಟ್ಟಿನ ಕೈಯೊಂದು ಬಾಗಿಲ ಚೌಕಟ್ಟನ್ನು ಹಿಡಿಯಿತು. ಅಕ್ಕೋರು ತಲೆ ಎತ್ತಲಿಲ್ಲ. ಎತ್ತಿದರೆ ಇವನೂ ತಿರುಗಿ ನೋಡುತ್ತಾನೆ. ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ ಮುಂದುವರಿಸಿದರು.

“ಗಾಡಿ ಸೋಮವಾರ ಬರುವುದಿತ್ತು. ಆದರೆ ಸೋಮವಾರದವರೆಗೆ ಕಾಯಬಾರದು ಎಂದು ಮುದುಕಿಗೆ ಅನ್ನಿಸಿತು. ಕೊಟ್ಟಿಗೆಯ ಹಿಂದಿನ ಬಾಗಿಲಿಗೆ ಹೊರಗಿನಿಂದ ಚಿಲಕವಿತ್ತು. ಆ ಮಧ್ಯಾಹ್ನ ಯಾರೋ ಪುಣ್ಯಾತ್ಮರು ಅದನ್ನು ಸರಿಸಿಟ್ಟಿದ್ದರು. ಆಕಳು ದೂಡಿದರೆ ಸಾಕು, ಬಾಗಿಲು ತೆರೆಯುತ್ತದೆ. ಮುಂದಿನ ಅಂಗಳದಲ್ಲಿ ಮುದುಕಿ ಧಣಿಯನ್ನು ಮಾತಿ...”

ಮಾತಿನಲ್ಲಿ ಹಿಡಿದಿಟ್ಟಿದ್ದಳು ಎಂದು ಹೇಳಬೇಕಿತ್ತು. ಅಂದರೆ ಇವನಿಗೇ ತಿಳಿದುಬಿಡುತ್ತದೆ ಎಂದು ಅಲ್ಲೇ ನುಂಗಿದರು. ಪ್ರಭುಲಿಂಗನ ಹುಬ್ಬು ಗಂಟಿಕ್ಕಿತ್ತು.

“ಮುದುಕಿ ಏನ ಮಾಡಿದ್ಲು?”

“ಮುದುಕಿ ಧಣಿಗೆ ಮೇವಿನ ಲೆಕ್ಕ ಹೇಳುತ್ತ ಕೂತಿದ್ದಳು,” ಎಂದು ಅಕ್ಕೋರು ಓದಿದರು. “ಆಕಳು ಸಪ್ಪಳ ಮಾಡದೆ ಹಿಂದಕ್ಕೆ ಸರಿಯಿತು.”

ಚೌಕಟ್ಟಿನ ಮೇಲಿದ್ದ ಕೈ ಕಾಣದಾಯಿತು. ಬಿಳಿ ಬೆರಳುಗಳ ಗುರುತು ಮಾತ್ರ ಉಳಿದಿತ್ತು. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ ಹಿತ್ತಲ ಬಾಗಿಲು ಕಿರ್ ಅಂದಿತು. ಅಕ್ಕೋರು ಸಾಲೆಯ ಪ್ರಾರ್ಥನೆಗೆ ಎತ್ತುತ್ತಿದ್ದ ದನಿಯಲ್ಲಿ ಆಕಳಿನ ಬಣ್ಣ, ಕೋಡು, ಕೊರಳ ಗಂಟೆ ಎಲ್ಲವನ್ನೂ ವರ್ಣಿಸತೊಡಗಿದರು. ಹಿಂದೆಂದೂ ಅಷ್ಟು ಕೆಟ್ಟ ಕನ್ನಡವನ್ನು ಅವರು ಬಾಯಲ್ಲಿ ಆಡಿರಲಿಲ್ಲ. ಅದನ್ನು ತಿದ್ದುವ ಮನಸ್ಸೂ ಆಗ ಇರಲಿಲ್ಲ. ಆಕೆ ಹೋದಳೋ? ಓಣಿ ದಾಟಿದಳೋ? ಇನ್ನೆಷ್ಟು ಹೊತ್ತು ಓದಬೇಕು?

“ಅಕ್ಕೋರ,” ಎಂದ ಪ್ರಭುಲಿಂಗ. “ರೊಟ್ಟಿ ಸಪ್ಪಳ ನಿಂತು ಭಾಳ ಹೊತ್ತಾತು.”

“ಒಲಿ ಆರಿರಬೇಕಪ. ಕೇಳು, ಮುಂದ—”

“ಮಾದೇವಿ!”

ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಪಡಸಾಲೆಗೆ ಬಂತು. ಅವನು ಪುಸ್ತಕವನ್ನು ಕಿತ್ತುಕೊಂಡು ಆ ಪುಟವನ್ನು ಮೇಲಿಂದ ಕೆಳಗೆ ನೋಡಿದ. ಓದುವುದರಲ್ಲಿ ನಿಧಾನಸ್ಥ ನಿಜ, ಆದರೆ ಒಂದು ಪುಟದಲ್ಲಿ ಆಕಳು ಎಂಬ ಶಬ್ದ ಇಲ್ಲವೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪುಸ್ತಕವನ್ನು ಗೋಡೆಗೆ ಬೀಸಿ ಅಡುಗೆಮನೆಗೆ ಓಡಿದ.

ಅಕ್ಕೋರು ಎದ್ದರು. ಅರವತ್ತು ದಾಟಿದ ಮೊಣಕಾಲು ಅವಸರ ಮಾಡಿದರೆ ಕೇಳುತ್ತದೆಯೇ? ಬಾಗಿಲಿಗೆ ಬಂದು ಅಗಳಿಗೆ ಕೈ ಹಾಕಿದರು. ಅದು ಬಿಗಿ ಇತ್ತು, ಅರ್ಧ ಸರಿದು ನಿಂತಿತು. ಹಿತ್ತಲಿನಿಂದ ಅವನು ಕೂಗಿದ್ದು ಕೇಳಿಸಿತು, ಆಮೇಲೆ ತಿರುಗಿ ಬರುವ ಹೆಜ್ಜೆ. ಅವರ ರಟ್ಟೆಯನ್ನು ಹಿಂದಿನಿಂದ ಅವನ ಕೈ ಹಿಡಿಯಿತು. ಎಲುಬು ನಲುಗುವಂತೆ ಹಿಡಿಯಿತು.

“ಎಲ್ಲಿ ಕಳಿಸಿದ್ರಿ ಆಕಿನ್ನ? ಎಲ್ಲಿ?”

ಆ ಕ್ಷಣದಲ್ಲಿ ಅಕ್ಕೋರಿಗೆ ಜೀವದ ಹೆದರಿಕೆಯಾಯಿತು. ಈ ಅಗಳಿಯ ಒಳಗೆ ಒಂದು ವರ್ಷ ಹೇಗೆ ಕಳೆಯಿತೆಂದು ಆ ಹಿಡಿತದಲ್ಲೇ ತಿಳಿಯಿತು. ಬಾಯಿಂದ ಮಾತ್ರ ಹಳೆಯ ದನಿ ತಾನಾಗಿ ಹೊರಟಿತು: “ಕೈ ಬಿಡಲೇ ಪ್ರಭ್ಯಾ!”

ಅವನ ಕೈ ಬಿಟ್ಟಿತು. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಹುಡುಗ ಮೈಯೊಳಗೆ ಎಲ್ಲೋ ಉಳಿದಿದ್ದ. ಎರಡು ಗಳಿಗೆಯಷ್ಟೇ ಉಳಿದಿದ್ದ. ಅಷ್ಟರಲ್ಲಿ ಅಗಳಿ ಸರಿಯಿತು, ಅಕ್ಕೋರು ಬೀದಿಗೆ ಇಳಿದರು. ಎದುರು ಮನೆಯ ಕಟ್ಟೆಯ ಮೇಲಿದ್ದ ಹೆಂಗಸರು ಎದ್ದು ನಿಂತರು. ಅವರ ಮುಂದೆ ಪ್ರಭುಲಿಂಗ ಹೊಸ್ತಿಲಲ್ಲೇ ನಿಂತು, ಮುಖ ಬದಲಿಸಿ, “ನೋಡ್ರಿ, ಹುಚ್ಚಿ ಓಡಿ ಹೋದ್ಲು” ಎಂದು ಎರಡೂ ಕೈ ಎತ್ತಿದ. ಓಣಿಯ ತಿರುವಿನಲ್ಲಿ ಫಾರೂಕನ ಟಂಟಂ ಕಂಡಿತು. ಸಾವಿತ್ರೆವ್ವ ಕೈ ಚಾಚಿ ಅಕ್ಕೋರನ್ನು ಒಳಗೆ ಎಳೆದುಕೊಂಡಳು.

ಟಂಟಂ ಅಮೀನಗಡದ ರಸ್ತೆಗೆ ಬಿತ್ತು. ಮಹಾದೇವಿ ಸೀಟಿನ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸುನೀಲಕುಮಾರ ಎದುರಿನಿಂದ ಬರುತ್ತಿದ್ದಾನೆ, ಅರ್ಧ ತಾಸಿನಲ್ಲಿ ಸಿಗುತ್ತಾನೆ ಎಂದು ಫಾರೂಕ ಕೂಗಿ ಹೇಳಿದ. ಆಗ ಆಕೆ ಮುಖ ಮುಚ್ಚಿಕೊಂಡು ಅತ್ತಳು. ಸಾವಿತ್ರೆವ್ವನೂ ಅತ್ತಳು. ಅಕ್ಕೋರಿಗೆ ರಟ್ಟೆ ನೋಯುತ್ತಿತ್ತು, ಆದರೆ ಮನಸ್ಸು ಹಗುರಾಗಿತ್ತು. ಸ್ವಲ್ಪ ಹೆಮ್ಮೆಯೂ ಆಗಿತ್ತು ಎನ್ನಬೇಕು. ಹೇಳಿ ಕೇಳಿ ಅಕ್ಕೋರು.

“ಭಾಳ ಶಾಣ್ಯಾಕಿ ಅದಿ ಮಗಳ,” ಎಂದು ಆಕೆಯ ತಲೆ ಸವರಿದರು. “ಎಂಥಾ ಉಪಾಯ ಹುಡಿಕಿದಿ. ನಾ ಸೈತ ಮೊದಲ ತಿಳೀಲಿಲ್ಲ ನೋಡು. ಒಂದ ತಾಸ ತಡಾ ಆತು.”

ಮಹಾದೇವಿ ಕಣ್ಣೊರೆಸಿಕೊಂಡು ಅವರನ್ನು ನೋಡಿದಳು. ಹೊಸ್ತಿಲಲ್ಲಿ ನಿಂತಾಗಿನ ಆ ಸಿಟ್ಟು ಈಗ ಇರಲಿಲ್ಲ. ಇದ್ದದ್ದು ಅರ್ಥವಾಗದ ಒಂದು ಪ್ರಶ್ನೆ.

“ಒಂದ ತಾಸಲ್ರಿ ಅಕ್ಕೋರ. ಇದು ನಾಕನೇ ಸಲ.”

“ಏನು?”

“ಶ್ರಾವಣದಾಗ ಒಯ್ದ ಪುಸ್ತಕದಾಗ ಗಿಳಿ ಇದ್ದಿದ್ದಿಲ್ರಿ, ನಾ ಪಂಜರದಾಗಿನ ಗಿಳಿ ಅಂತ ಬರದೆ. ಅದರ ಮುಂದಿನ ಪುಸ್ತಕದಾಗ ಬಾವಿ ಇದ್ದಿದ್ದಿಲ್ಲ, ಬಾವ್ಯಾಗ ಬಿದ್ದ ಕೊಡದ ಕತಿ ಬರದೆ. ದೀಪಾವಳಿ ಆದ ಮ್ಯಾಲೆ ಒಂದ ಬರದೆ. ಕಪಾಟಿನಾಗಿನ ಪುಸ್ತಕ ಎಲ್ಲಾ ಓದೀರಿ ಅಂತ ಕೇಳಿದ್ದೆ, ಅದಕ್ಕ. ನೀವು ‘ಭೇಷ್’ ಅಂತ ಬರದ್ರಿ ಅಂತ ಅಂವ ಬಂದು ಹೇಳ್ತಿದ್ದ, ಮುಂದಿನ ಪುಸ್ತಕ ಬರ್ತಿತ್ತು.” ಕೊನೆಗೆ ಕೇಳಿದಳು, ಆರೋಪದ ದನಿಯಲ್ಲಲ್ಲ, ಖರೇ ತಿಳಿಯದೆ: “ಆ ಮೂರು ಪುಸ್ತಕ ನೀವು ಓದಿದ್ದಿಲ್ಲೇನ್ರಿ?”

ಪ್ರಭುಲಿಂಗನ ಪಡಸಾಲೆಯಲ್ಲಿ ಆ ಮಾತನ್ನು ಅಕ್ಕೋರು ಎಷ್ಟು ಸಲೀಸಾಗಿ ಆಡಿದ್ದರು. ಆಗ ಅದು ಸುಳ್ಳಾಗಿತ್ತು. ಸಾವಿತ್ರೆವ್ವ ಅವರ ಮುಖ ನೋಡುತ್ತಿದ್ದಳು. ಫಾರೂಕ ಕನ್ನಡಿಯಲ್ಲಿ ನೋಡುತ್ತಿದ್ದ. ಆಕೆಯ ತಲೆಯ ಮೇಲಿಟ್ಟಿದ್ದ ಕೈಯನ್ನು ಅಕ್ಕೋರು ಹಿಂದಕ್ಕೆ ತೆಗೆದುಕೊಂಡರು.

“ಇಲ್ಲವ್ವ,” ಎಂದರು. “ಓದಿದ್ದಿಲ್ಲ.”